ನಾನು ನಾಯಿ ಎಂದಿದ್ದ ಹುಲಿ

ಬಟ್ಟೆಯ ಡೇರೆಯೊಳಗೆ ತಾಮ್ರದ ಸ್ನಾನದ ತೊಟ್ಟಿಯನ್ನು ನಾನು ಮೊದಲ ಬಾರಿಗೆ ನೋಡಿದ್ದು ಚಿಕ್ಕಪ್ಪನ ಮಗನ ಪದವಿನಲ್ಲಿ. ಪದವು ಎಂದರೆ ನಮ್ಮ ಕಡೆಯ ಮುರಕಲ್ಲಿನ ಬೋಳುಗುಡ್ಡ. ಮಳೆಗಾಲದ ಕೊನೆಗೆ ಒಂದಷ್ಟು ದಿನ ನೀಲಿ ಹೂವು, ಉಳಿದ ಕಾಲವೆಲ್ಲ ಮುಳಿಹುಲ್ಲು ಮತ್ತು ಬಿಸಿಲು. ಕಾಸರಗೋಡಿನಿಂದ ಎಡನೀರು ದಾಟಿ ಕುಂಬ್ಡಾಜೆಯ ಕಡೆಗೆ ಏರುವ ದಾರಿಯಲ್ಲಿ, ರಬ್ಬರಿನ ನೆರಳು ಮುಗಿದಲ್ಲಿ ಅದು ಥಟ್ಟನೆ ತೆರೆದುಕೊಳ್ಳುತ್ತದೆ. ಅಲ್ಲಿ ಈಗ ಸಾಲಾಗಿ ಡೇರೆಗಳು ನಿಂತಿವೆ.

ಡೇರೆ ಎಂದರೆ ನನ್ನ ವಯಸ್ಸಿನವರಿಗೆ ನೆನಪಾಗುವುದು ಯಕ್ಷಗಾನದ ಟೆಂಟಿನ ಮೇಳ, ಮಡಚುವ ಕುರ್ಚಿ, ಕಾಗದದ ಪೊಟ್ಟಣದಲ್ಲಿ ನೆಲಗಡಲೆ. ಇಲ್ಲಿ ಡೇರೆಯ ಜಿಪ್ಪು ಎಳೆದರೆ ನಾಲ್ಕು ಕಂಬದ ಮಂಚ, ಏಸಿ, ಹಳೆಯ ಟ್ರಂಕಿನಂತೆ ಕಾಣುವ ಮರದ ಪೆಟ್ಟಿಗೆಯೊಳಗೆ ಅಡಗಿಸಿಟ್ಟ ಫ್ರಿಜ್ಜು. ಹೊರಗೆ ಮರದ ಜಗಲಿ. ಜಗಲಿಯಲ್ಲಿ ತೂಗುವ ಲಾಟೀನಿನೊಳಗೆ ಎಣ್ಣೆಯಿಲ್ಲ, ಬಲ್ಬು ಇದೆ. ಗೇಟಿನ ಬೋರ್ಡಿನಲ್ಲಿ ‘ಸಫಾರಿ’ ಎಂದು ದೊಡ್ಡದಾಗಿ ಬರೆದಿದೆ. ಯಾವ ಪ್ರಾಣಿಯ ಸಫಾರಿ ಎಂದು ಬರೆದಿಲ್ಲ.

ನಾನು ಒಳಗೆ ಬಂದು ಮಂಚದ ಅಡಿ, ಪರದೆಯ ಹಿಂದೆ, ತೊಟ್ಟಿಯ ಬುಡ ಎಲ್ಲವನ್ನೂ ನೋಡಿದೆ.

“ಎಂತ ಹುಡುಕುದು ನೀವು?” ಎಂದು ಹೆಂಡತಿ ಕೇಳಿದಳು.

“ಸೊಳ್ಳೆ.”

“ಒಂದೂ ಇಲ್ಲ.”

“ಅದಕ್ಕೇ ಹುಡುಕುದು.”

ಅವಳು ಮಂಚದ ಮೇಲೆ ಕಾಲು ಚಾಚಿ ಮಲಗಿ, ಚಾವಣಿಯ ಬಟ್ಟೆ ಗಾಳಿಗೆ ಉಬ್ಬಿ ತಗ್ಗುವುದನ್ನು ನೋಡತೊಡಗಿದಳು. ಅವಳ ಮುಖದಲ್ಲಿದ್ದ ನೆಮ್ಮದಿ ನನ್ನ ಮನೆಯಲ್ಲಿ ನಾನು ಕಂಡದ್ದಲ್ಲ. ಅದೂ ನನಗೆ ಚುಚ್ಚಿತು.

ಎರಡು ವರ್ಷಗಳಿಂದ ಚಿಕ್ಕಪ್ಪನ ಮಗ ಕರೆಯುತ್ತಿದ್ದ. ನಾನು ಏನಾದರೊಂದು ಕಾರಣ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಈ ಸಲ ಅವನು ನೇರವಾಗಿ ಅವಳಿಗೇ ಫೋನು ಮಾಡಿದ್ದ. ಗೇಟಿನಲ್ಲಿ ಖಾಕಿ ಚಡ್ಡಿ, ಅಗಲ ಅಂಚಿನ ಟೊಪ್ಪಿ ಹಾಕಿಕೊಂಡು ನಿಂತು, “ಬನ್ನಿ ಅತ್ತಿಗೆ” ಎಂದ. ಆಮೇಲೆ ನನ್ನ ಕಡೆ ತಿರುಗಿ, “ಬಾ ಪ್ರೊಫೆಸರಣ್ಣ, ಅಂತೂ ಗುಡ್ಡ ಹತ್ತಿದಿಯಲ್ಲ” ಎಂದ. ನಾನು ಪ್ರೊಫೆಸರ್ ಆದವನಲ್ಲ. ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸಿ ಲೆಕ್ಚರರ್ ಆಗಿಯೇ ನಿವೃತ್ತನಾದವನು. ಅವನಿಗದು ಚೆನ್ನಾಗಿ ಗೊತ್ತು. ನನಗಿಂತ ಆರು ತಿಂಗಳು ಚಿಕ್ಕವನು ಅವನು. ನಾನು ಅಣ್ಣ ಎನ್ನಿಸಿಕೊಳ್ಳುವುದಕ್ಕೆ ಆ ಆರು ತಿಂಗಳೇ ಆಧಾರ.

ಈ ಪದವು ನಮಗೂ ಬರಬಹುದಾಗಿದ್ದ ಜಾಗ. ಅಪ್ಪ ಮತ್ತು ಚಿಕ್ಕಪ್ಪ ಪಾಲಾಗುವಾಗ ನಮ್ಮ ಮನೆತನದ ಕ್ರಮದಂತೆ ಹಿರಿಯವರು ಪಾಲು ಮಾಡಿದರು, ಕಿರಿಯವರು ಮೊದಲು ಆರಿಸಿದರು. ಅಪ್ಪ ಬೈಲಿನ ಗದ್ದೆ, ತೋಟ ಒಂದು ಪಾಲು, ಪದವು ಮತ್ತು ಅದರ ಪಕ್ಕೆಯಲ್ಲಿದ್ದ ಸುರಂಗ ಇನ್ನೊಂದು ಪಾಲು ಎಂದರು. ಚಿಕ್ಕಪ್ಪ ಪದವನ್ನು ಆರಿಸಿಕೊಂಡರು. ಅಣ್ಣನಿಗೆ ಒಳ್ಳೆಯದಿರಲಿ ಎಂದು ಬಿಟ್ಟುಕೊಟ್ಟರು ಎನ್ನುವವರಿದ್ದರು, ತಲೆ ಸರಿಯಿಲ್ಲ ಎನ್ನುವವರೂ ಇದ್ದರು. ಅಪ್ಪ ಆ ಕ್ಷಣ ದೀರ್ಘವಾಗಿ ಉಸಿರು ಬಿಟ್ಟದ್ದನ್ನು ಪಕ್ಕದಲ್ಲಿ ಕುಳಿತಿದ್ದ ನಾನು ಕೇಳಿಸಿಕೊಂಡಿದ್ದೇನೆ. ಆದರೆ ಲೆಕ್ಕ ಹಾಕಿದರೆ ಆ ವರ್ಷ ನಾನು ವಿಶ್ವವಿದ್ಯಾನಿಲಯದ ಹಾಸ್ಟೆಲಿನಲ್ಲಿದ್ದೆ, ಪಾಲಿನ ದಿನ ಊರಿಗೆ ಬಂದೇ ಇರಲಿಲ್ಲ. ಉಸಿರು ಮಾತ್ರ ಇವತ್ತಿಗೂ ಕಿವಿಯಲ್ಲಿದೆ. ನನ್ನ ನೆನಪುಗಳ ಗುಣಮಟ್ಟ ಇಂಥದ್ದು ಎಂದು ಮೊದಲೇ ಹೇಳಿಬಿಡುತ್ತೇನೆ. ಮುಂದಿನದು ಅದರ ಮೇಲೆಯೇ ನಿಂತಿದೆ.

ಅಪ್ಪ ಆಮೇಲೆ ಬೈಲನ್ನು ಮಾರಿ ಪೇಟೆಗೆ ಬಂದರು. ಚಿಕ್ಕಪ್ಪನ ಮಗ ಗಲ್ಫಿಗೆ ಹೋಗಿ ಬಂದು ಗುಡ್ಡಕ್ಕೆ ಡೇರೆ ಹಾಕಿದ.

ಗದ್ದೆ, ಗುಡ್ಡ, ಅದೆಲ್ಲ ಇರಲಿ. ಆ ಜಾಗದಲ್ಲಿ ನನ್ನದು ಎಂದು ನಾನು ತಿಳಿದದ್ದು ಒಂದೇ ಒಂದಿತ್ತು. ಒಂದು ಚಿರತೆ. ನಮ್ಮಲ್ಲಿ ಅದನ್ನು ಹುಲಿ ಎಂದೇ ಹೇಳುವುದು.

ಎಂಟು ವರ್ಷವೋ ಒಂಬತ್ತೋ ಆಗಿರಬೇಕು. ಬೇಸಿಗೆ ರಜೆಯ ಒಂದು ಮಧ್ಯಾಹ್ನ, ಮನೆಯವರೆಲ್ಲ ಮಲಗಿದ್ದಾಗ, ನಾನು ಒಬ್ಬನೇ ಸುರಂಗಕ್ಕೆ ಹೋಗಿದ್ದೆ. ಚಿಕ್ಕಪ್ಪನ ಮಗನ ಜೊತೆ ಅಂದು ಬೆಳಿಗ್ಗೆ ಜಗಳವಾಗಿತ್ತು, ಆದ್ದರಿಂದ ಒಬ್ಬನೇ. ಸುರಂಗ ಎಂದರೆ ಗುಡ್ಡದ ಪಕ್ಕೆಗೆ ಅಡ್ಡಲಾಗಿ ಕೊರೆದ ಬಾವಿ. ಬಾಗಿ ನಡೆಯುವಷ್ಟು ಎತ್ತರ, ನೆಲದಲ್ಲಿ ಸಣ್ಣಗೆ ಹರಿಯುವ ನೀರು, ಬಾಯಿಯ ಹತ್ತಿರ ಆ ನೀರು ನಿಲ್ಲಲು ಮಣ್ಣಿನ ಹೊಂಡ. ಹೊರಗೆ ಕಾದ ಕಲ್ಲು, ಒಳಗೆ ತಣ್ಣಗೆ. ಅಡಿಕೆ ಹಾಳೆಯ ಟೊಪ್ಪಿಯನ್ನು ಸುರಂಗದ ಬಾಯಿಯಲ್ಲಿ ತೆಗೆದಿಟ್ಟು ನಾನು ಒಳಗೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು ಕುಳಿತೆ. ಅಲ್ಲಿಂದ ನೋಡಿದರೆ ಬಾಯಿ ಒಂದು ಬಿಳಿಯ ತಟ್ಟೆಯಷ್ಟೇ. ಸ್ವಲ್ಪ ಹೊತ್ತಿನಲ್ಲಿ ಆ ತಟ್ಟೆ ಅರ್ಧ ಕಪ್ಪಾಯಿತು. ನೀರು ನೆಕ್ಕುವ ಸದ್ದು ಕೇಳಿತು. ಆಮೇಲೆ ಕಪ್ಪು ಇನ್ನಷ್ಟು ಬೆಳೆದು ಬೆಳಕು ಪೂರ್ತಿ ಮುಚ್ಚಿತು, ನೆಕ್ಕುವ ಸದ್ದು ನಿಂತು ಉಸಿರಿನ ಸದ್ದು ಸುರಂಗದೊಳಗೆ ಬಂತು. ಎಷ್ಟು ಹೊತ್ತು ಎಂದು ಹೇಳಲಾರೆ. ಬೆಳಕು ಮರಳಿ ಬಂದ ಮೇಲೂ ನಾನು ಬಹಳ ಹೊತ್ತು ಅಲ್ಲೇ ಕುಳಿತಿದ್ದೆ. ಹೊರಗೆ ಬಂದಾಗ ಟೊಪ್ಪಿ ಇಟ್ಟಲ್ಲಿ ಇರಲಿಲ್ಲ, ಕೆಳಗೆ ಹೊಂಡದ ಅಂಚಿನಲ್ಲಿ ಒದ್ದೆಯಾಗಿ ಬಿದ್ದಿತ್ತು.

ಅಂದು ಸಂಜೆ ಮನೆಯಲ್ಲಿ ನಾನು ರಾಜ. ಅಜ್ಜಿ ದೃಷ್ಟಿ ತೆಗೆದಳು. ಒಂದು ವಾರ ನೆಂಟರೆಲ್ಲ ನನ್ನ ಬಾಯಿಂದ ಅದನ್ನೇ ಕೇಳಿದರು.

ಮುಂದೆ ಓದಲು ಹೋದೆ. ಸಾಕ್ಷಿ ಎಂದರೇನು, ಊಹೆ ಎಂದರೇನು ಎಂದು ಕಲಿತೆ. ಒಂದು ರಜೆಯಲ್ಲಿ ಊಟಕ್ಕೆ ಕುಳಿತಾಗ ಯಾರೋ ಆ ಹುಲಿಯ ಮಾತೆತ್ತಿದರು. ನಾನು ಎಡಗೈಯಲ್ಲಿ ಗಾಳಿಯಲ್ಲಿ ಚಿತ್ರ ಬರೆದು ವಿವರಿಸಿದೆ: ಬೆಳಕಿಗೆ ಬೆನ್ನು ಹಾಕಿ ನಿಂತ ಯಾವ ಪ್ರಾಣಿಯೂ ಒಳಗಿನವನಿಗೆ ಬರೀ ನೆರಳಾಗಿಯೇ ಕಾಣುವುದು, ಹತ್ತಿರವಿದ್ದರೆ ಸಣ್ಣದೂ ಸುರಂಗದ ಬಾಯಿ ತುಂಬುತ್ತದೆ, ಹೆದರಿದ ಹುಡುಗ ಅದಕ್ಕೆ ತನಗೆ ಬೇಕಾದ ಹೆಸರು ಕೊಡುತ್ತಾನೆ. ಅದು ಬಾಯಾರಿದ ನಾಯಿಯೇ ಆಗಿದ್ದೀತು ಎಂದೆ. ಎಲ್ಲರೂ ಒಪ್ಪಿದರು. ಆ ದಿನ ನನಗೆ ಬಹಳ ಹೆಮ್ಮೆಯಾಗಿತ್ತು. ನಂತರ ತರಗತಿಯಲ್ಲೂ ಎಷ್ಟೋ ವರ್ಷ ಈ ನಾಯಿಯನ್ನೇ ಉದಾಹರಣೆಯಾಗಿ ಕೊಟ್ಟೆ. ಮಕ್ಕಳು ನಗುತ್ತಿದ್ದರು.

ಕ್ಯಾಂಪಿನ ಮೊದಲ ಸಂಜೆ, ಸೂರ್ಯ ಕಡಲಿನ ಕಡೆ ಇಳಿದ ಮೇಲೆ, ಬಯಲಿನಲ್ಲಿ ಬೆಂಕಿ ಹಾಕಿ ಸುತ್ತ ಕುರ್ಚಿ ಇಟ್ಟರು. ಕೋಝಿಕ್ಕೋಡಿನಿಂದ ಬಂದ ಡಾಕ್ಟರ್ ದಂಪತಿ, ಬೆಂಗಳೂರಿನ ಒಂದು ಕುಟುಂಬ, ನಾವಿಬ್ಬರು. ಡಾಕ್ಟರು ಮಲಯಾಳದಲ್ಲಿ, ಇಲ್ಲಿ ನಿಜವಾಗಿ ಏನಾದರೂ ಪ್ರಾಣಿ ಇದೆಯೇ ಎಂದು ಕೇಳಿದರು. ಗಡಿಯ ಕಾಡಿನಿಂದ ಚಿರತೆ ಇಳಿದು ಬರುವ ಸುದ್ದಿ ಈಗೀಗ ಪೇಪರಿನಲ್ಲಿ ಆಗಾಗ ಬರುತ್ತದಲ್ಲ, ಅವರು ಓದಿದ್ದಿರಬೇಕು. ಚಿಕ್ಕಪ್ಪನ ಮಗ ಇದಕ್ಕೇ ಕಾದವನಂತೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ.

“ಈಗಿನದ್ದು ಬಿಡಿ,” ಎಂದ. “ನಾನು ಸಣ್ಣವ ಇರುವಾಗಲೇ ಈ ಗುಡ್ಡದಲ್ಲಿ ಹುಲಿ ನೋಡಿದ್ದೇನೆ. ಹಾಡುಹಗಲು.”

ನನ್ನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

ಅವನು ಒಂದು ವಾಕ್ಯ ಕನ್ನಡ, ಒಂದು ವಾಕ್ಯ ಮಲಯಾಳ, ನಡುವೆ ಇಂಗ್ಲಿಷು ಹೀಗೆ ಹೇಳುತ್ತಾ ಹೋದ. ಮಲಯಾಳದಲ್ಲಿ ಹುಲಿ ಕನ್ನಡಕ್ಕಿಂತ ಒಂದು ಗೇಣು ಉದ್ದವಿತ್ತು. ಏಪ್ರಿಲ್ ತಿಂಗಳು, ಎಲ್ಲ ಬಾವಿ ಬತ್ತಿದೆ, ನೀರಿದ್ದದ್ದು ಸುರಂಗದಲ್ಲಿ ಮಾತ್ರ. ಅವನು ಸುರಂಗದ ಎದುರಿನ ಗೇರುಮರದ ಮೇಲೆ. “ಹುಲ್ಲಿನಿಂದ ಎದ್ದು ಬಂತು ನೋಡಿ, ಯಾರಿಗೂ ಹೆದರುವವರ ಹಾಗೆ ಅಲ್ಲ, ತನ್ನ ಮನೆಯ ಬಾವಿಗೆ ಬಂದ ಹಾಗೆ. ಕೂತು ನೀರು ಕುಡಿಯಿತು. ಮೈಯ ಚುಕ್ಕೆ ಒಂದೊಂದೂ ನನಗೆ ಕಾಣ್ತಾ ಉಂಟು. ಅಲ್ಲಿ ಒಂದು ಹಾಳೆ ಟೊಪ್ಪಿ ಬಿದ್ದಿತ್ತು. ಅದನ್ನು ಮೂಸಿತು. ಕಾಲಿನಲ್ಲಿ ಸ್ವಲ್ಪ ದೂಡಿತು. ಮತ್ತೆ ಸುರಂಗದೊಳಗೆ ತಲೆ ಹಾಕಿ ನಿಂತಿತು.”

“ಟೊಪ್ಪಿ ಯಾರದು?” ಎಂದು ಬೆಂಗಳೂರಿನ ಹೆಂಗಸು ಕೇಳಿದರು.

ಅವನು ಬೆಂಕಿಗೆ ಒಂದು ಕೊಳ್ಳಿ ದೂಡಿದ. “ಮಕ್ಕಳದ್ದು, ಯಾರದ್ದೋ.”

ಹೆಂಡತಿ ನನ್ನ ಕಡೆ ನೋಡಿದಳು. ಅವಳಿಗೆ ನಾನು ಹೇಳಿದ್ದು ನಾಯಿಯ ಕಥೆ. ಇದು ಅದೇ ಎಂದು ಅವಳಿಗೆ ಗೊತ್ತಾಗಿರಲಿಕ್ಕಿಲ್ಲ, ಅಥವಾ ಗೊತ್ತಾಗಿರಲೂಬಹುದು. ಅವಳು ಮತ್ತೆ ಅವನ ಕಡೆ ತಿರುಗಿ, ಕೈಯನ್ನು ಗಲ್ಲಕ್ಕೆ ಕೊಟ್ಟು ಕೇಳತೊಡಗಿದಳು. ಆ ಕೈ ಗಲ್ಲಕ್ಕೆ ಹೋದದ್ದು ನನಗೆ ಸಹಿಸಲಾಗಲಿಲ್ಲ. ಗುಡ್ಡ ಹೋಯಿತು, ಈಗ ಹುಲಿಯೂ. ನಾನು ಊಟಕ್ಕೆ ಹಸಿವಿಲ್ಲ ಎಂದೆ. ಆದರೆ ಊಟಕ್ಕೆ ಪತ್ರೊಡೆ ಇತ್ತು, ಆದ್ದರಿಂದ ತಿಂದೆ. ಅದು ಚೆನ್ನಾಗಿದ್ದದ್ದಕ್ಕೂ ಸಿಟ್ಟು ಬಂತು.

ಮಲಗಿದಲ್ಲಿ ಎರಡು ದಾರಿ ಯೋಚಿಸಿದೆ. ಒಂದು, ಅವನು ನನ್ನ ಕಥೆಯನ್ನು ಕದ್ದು, ಒಳಗಿದ್ದ ನನ್ನನ್ನು ಅಳಿಸಿ, ತನ್ನನ್ನು ಮರದ ಮೇಲೆ ಕೂರಿಸಿಕೊಂಡಿದ್ದಾನೆ. ಟೊಪ್ಪಿಯ ವಿಷಯ ಆ ಸಂಜೆ ನಾನೇ ಹೇಳಿರಬಹುದು. ಇನ್ನೊಂದು, ಅವನು ನಿಜವಾಗಿ ಅಲ್ಲಿದ್ದ. ಹಾಗಿದ್ದರೆ ನನ್ನ ನೆನಪಿನ ಅತ್ಯಂತ ಗಟ್ಟಿಯಾದ ತುಂಡು, ‘ನಾನು ಒಬ್ಬನೇ ಇದ್ದೆ’ ಎಂಬುದು, ಸುಳ್ಳು. ಮೊದಲನೆಯದಾದರೆ ಅವನು ಕಳ್ಳ, ನನಗೆ ಸುಖ. ಆದರೆ ಆಗ ಹುಲಿಯನ್ನು ಕಂಡ ಸಾಕ್ಷಿ ಯಾರೂ ಇಲ್ಲ, ಅದು ಮತ್ತೆ ನಾಯಿಯೇ ಆಗುತ್ತದೆ. ಎರಡನೆಯದಾದರೆ ಹುಲಿ ಹುಲಿಯೇ, ಆದರೆ ಅವನದು. ನನಗೆ ಹುಲಿಯೂ ಬೇಕಿತ್ತು, ಅವನು ಕಳ್ಳನಾಗುವುದೂ ಬೇಕಿತ್ತು. ತರ್ಕದಲ್ಲಿ ಹಾಗೆ ಎರಡನ್ನೂ ಕೊಡುವುದಿಲ್ಲ.

ಬೆಳಿಗ್ಗೆ ಉಳಿದವರೆಲ್ಲ ಜೀಪಿನಲ್ಲಿ ಸಫಾರಿಗೆ ಹೋದರು, ಹೆಂಡತಿಯೂ. ನಾನು ಸೊಂಟ ನೋವು ಎಂದು ಉಳಿದು, ಸುರಂಗದ ಹತ್ತಿರ ಅವನನ್ನು ಹಿಡಿದೆ. ಮೋಟಾರಿನ ಪೈಪು ಸರಿಮಾಡಿಸುತ್ತಿದ್ದ. ಡೇರೆಗಳಿಗೆ ಕುಡಿಯುವ ನೀರು ಇಂದಿಗೂ ಅಲ್ಲಿಯದೇ. ಪೈಪಿನವರು ಹೋದ ಮೇಲೆ ಕೇಳಿದೆ.

“ನಿನ್ನೆ ಹೇಳಿದ ಟೊಪ್ಪಿ ಯಾರದು?”

“ನಿನ್ನದೇ. ಮತ್ತೆ ಯಾರದ್ದು?”

ಇಷ್ಟು ಸುಲಭವಾಗಿ ಬರುತ್ತದೆಂದು ನಾನು ಎಣಿಸಿರಲಿಲ್ಲ. “ನಾನು ಒಳಗಿದ್ದೆ ಅಂತ ನಿನಗೆ ಗೊತ್ತಿತ್ತಾ?”

“ಗೊತ್ತಿಲ್ಲದೆ? ನಿನ್ನ ಹಿಂದೆಯೇ ಬಂದು ಗೇರುಮರ ಹತ್ತಿ ಅಡಗಿದವನಲ್ಲವಾ ನಾನು. ನೀನು ಒಳಗೆ ಹೋದ ಮೇಲೆ ಬಾಯಿಯಲ್ಲಿ ನಿಂತು ಒಮ್ಮೆ ಕೂಗಿ ನಿನ್ನನ್ನು ಹೆದರಿಸುವ ಅಂತ. ಬೆಳಿಗ್ಗೆ ಹೊಡೆದಿದ್ದಿಯಲ್ಲ. ಮರದಿಂದ ಇಳಿಯುವ ಅಂತ ಕಾಲು ಬಿಟ್ಟೆ, ನನಗಿಂತ ಮೊದಲು ಅದು ಬಂತು.”

“ಮತ್ತೆ ಬೊಬ್ಬೆ ಹಾಕಲಿಲ್ಲ ಯಾಕೆ?”

“ಬೊಬ್ಬೆ ಹಾಕಿದರೆ ಅದು ಎಲ್ಲಿಗೆ ಓಡ್ತದೆ ಮಾರಾಯ? ಎದುರಿಗೆ ಇದ್ದದ್ದು ಸುರಂಗವೇ. ಒಳಗೆ ನೀನು.”

ಇದನ್ನು ಅವನು ಆಗ ಯೋಚಿಸಿದ್ದೋ, ಆಮೇಲೆ ಸೇರಿಸಿಕೊಂಡದ್ದೋ ಹೇಳುವುದು ಕಷ್ಟ. ಹೆದರಿ ನಾಲಗೆ ಒಣಗಿದ ಎಂಟು ವರ್ಷದ ಹುಡುಗನಿಗೆ ಬೊಬ್ಬೆ ಬರುವುದಿಲ್ಲ. ನಾನು ಪಟ್ಟು ಬಿಡಲಿಲ್ಲ. ಟೊಪ್ಪಿಯ ಸಂಗತಿ ನಾನೇ ಆ ಸಂಜೆ ಹೇಳಿದ್ದಿರಬೇಕು, ನೀನು ಪಕ್ಕದಲ್ಲೇ ಕುಳಿತು ನಗುತ್ತಿದ್ದೆಯಲ್ಲ ಎಂದೆ.

“ನಾನು? ನಾನು ಕತ್ತಲೆ ಆಗುವವರೆಗೆ ಮರದಲ್ಲೇ. ಅಮ್ಮ ಬಂದು ಇಳಿಸಿದ್ದು. ನೀನು ಮನೆಯಲ್ಲಿ ಎಂತ ಹೇಳಿದ್ದಿ ಅಂತ ನನಗೆ ಮರುದಿನವೇ ಗೊತ್ತಾದದ್ದು.”

ನನ್ನ ನೆನಪಿನಲ್ಲಿ ಅವನು ನಗುತ್ತಾ ಕುಳಿತಿದ್ದಾನೆ, ಮುಂದಿನ ಒಂದು ಹಲ್ಲು ಇಲ್ಲ. ಆದರೆ ಅಪ್ಪನ ಉಸಿರೂ ನನ್ನ ನೆನಪಿನಲ್ಲಿದೆ.

“ಒಂದು ಕೆಲಸ ಮಾಡುವ,” ಎಂದೆ. “ನಾನು ಒಳಗೆ ಹೋಗ್ತೇನೆ. ನೀನು ಬಾಯಿಯಲ್ಲಿ ನಾಲ್ಕು ಕಾಲಿನಲ್ಲಿ ನಿಲ್ಲು.”

“ನನ್ನ ಮೊಣಕಾಲು ನೋಡಿದ್ದೀಯಾ ನೀನು?”

“ಸ್ವಲ್ಪ ಹೊತ್ತು.”

“ಯಾರಾದರೂ ನೋಡಿದರೆ ಕ್ಯಾಂಪು ಮುಚ್ಚಬೇಕಾದೀತು,” ಎನ್ನುತ್ತಾ ಅವನು ಟೊಪ್ಪಿ ತೆಗೆದು ಕೆಳಗಿಟ್ಟ.

ಒಳಗೆ ಈಗ ನೆಲಕ್ಕೆ ಕಲ್ಲು ಹಾಸಿದ್ದಾರೆ, ಅತಿಥಿಗಳಿಗಾಗಿ. ಆದರೂ ತಂಪು ಅದೇ, ಒದ್ದೆ ಕಲ್ಲಿನ ವಾಸನೆ ಅದೇ. ಹಿಂದೆ ಕುಳಿತದ್ದು ಇಲ್ಲೇ ಎಂದು ತೋರಿದಲ್ಲಿ ಕುಳಿತೆ. ಬಿಳಿಯ ತಟ್ಟೆ ಕಾಣುತ್ತಿತ್ತು. ಅದು ಅರ್ಧ ಕಪ್ಪಾಯಿತು. ಆಮೇಲೆ ಪೂರ್ತಿ. ನಾನು ಕಣ್ಣು ಕಿರಿದು ಮಾಡಿ ನೋಡಿದೆ. ನನ್ನ ಚಿಕ್ಕಪ್ಪನ ಮಗನ ಕಿವಿ, ಹೊಟ್ಟೆ, ಖಾಕಿ ಚಡ್ಡಿ ಯಾವುದೂ ಇರಲಿಲ್ಲ. ಒಂದು ಕಪ್ಪು, ಅಷ್ಟೇ. ಊಟಕ್ಕೆ ಕುಳಿತು ನಾನು ಗಾಳಿಯಲ್ಲಿ ಬರೆದ ಚಿತ್ರ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಅವನ ಉಸಿರು ಸುರಂಗದೊಳಗೆ ಬಂತು. ವಯಸ್ಸಾದ, ಮೊಣಕಾಲು ನೋಯುವ ಮನುಷ್ಯನ ಉಸಿರು. ಅಂದಿನ ಉಸಿರು ಬೇರೆ ಎಂದು ನನ್ನ ಬೆನ್ನಿಗೆ ಗೊತ್ತಾಯಿತು. ಬೆನ್ನು ಹೇಳಿದ್ದನ್ನು ಸಾಕ್ಷಿ ಎಂದು ನಾನು ಯಾವ ತರಗತಿಯಲ್ಲೂ ಒಪ್ಪಿದವನಲ್ಲ.

ಆಗ ಸುರಂಗದ ಬಾಯಿಯ ಕಡೆಯಿಂದ “ಬೌ, ಬೌ” ಎಂದು ಕೇಳಿಸಿತು. ಸುರಂಗದಲ್ಲಿ ಅದು ಹತ್ತು ನಾಯಿಗಳಷ್ಟಾಯಿತು.

“ಎಂತ ಕಾಣ್ತದೆ ಪ್ರೊಫೆಸರಣ್ಣ? ಹುಲಿಯಾ, ನಾಯಿಯಾ?”

ನಾನು ಹೊರಗೆ ಬಂದೆ. ಅವನು ಮೊಣಕಾಲು ತಿಕ್ಕುತ್ತಾ ಹೊಂಡದ ಕಟ್ಟೆಯ ಮೇಲೆ ಕುಳಿತು ನಗುತ್ತಿದ್ದ. ನನಗೆ ನಗು ಬರಲಿಲ್ಲ.

“ನಿನ್ನೆ ಯಾಕೆ ಯಾರದ್ದೋ ಟೊಪ್ಪಿ ಅಂದೆ? ನಾನು ಎದುರಿಗೇ ಕೂತಿದ್ದೆ.”

“ಅದಕ್ಕೇ. ನಿನ್ನ ಹೆಸರು ತೆಗೆದರೆ ನೀನು ಎದ್ದು, ಅದು ಹುಲಿ ಅಲ್ಲ, ನಾಯಿ, ಬೆಳಕು ಹೀಗೆ ಬರ್ತದೆ, ನೆರಳು ಹಾಗೆ ಬೀಳ್ತದೆ ಅಂತ ಸುರು ಮಾಡಿದರೆ? ನನಗೆ ವ್ಯಾಪಾರ ಉಂಟು.”

“ಆಗಲೇ ಹೇಳಬಹುದಿತ್ತಲ್ಲ, ನಾನು ನಾಯಿ ಅಂದ ದಿನ. ನೀನೂ ಊಟಕ್ಕೆ ಕೂತಿದ್ದೆ.”

ಅವನು ಕೆಳಗಿಟ್ಟಿದ್ದ ಟೊಪ್ಪಿಯನ್ನು ಎತ್ತಿಕೊಂಡ. “ನೀನು ಯೂನಿವರ್ಸಿಟಿಯಿಂದ ಬಂದವ. ನಾನು ಹತ್ತನೆಯಲ್ಲಿ ಎರಡು ಸಲ ಕೂತವ. ನೀನು ನಾಯಿ ಅಂದದ್ದನ್ನು ನಾನು ಹುಲಿ ಅಂದರೆ ಕೇಳುವವರು ಯಾರು? ದೊಡ್ಡಪ್ಪ ಅಂತೂ ನಿನ್ನ ಬಾಯಿಯನ್ನೇ ನೋಡ್ತಾ ಇದ್ದರು, ಅನ್ನ ಕಲಸುವುದನ್ನೂ ಬಿಟ್ಟು. ನಮ್ಮ ಅಪ್ಪ ನನ್ನನ್ನು ಒಮ್ಮೆಯಾದರೂ ಹಾಗೆ ನೋಡಿದ್ದಿಲ್ಲ.” ಆಮೇಲೆ ಎದ್ದು ಟೊಪ್ಪಿ ಕೊಡವಿದ. “ನೀನು ಬೇಡ ಅಂತ ಬಿಟ್ಟಿ. ನಾನು ಇಟ್ಟುಕೊಂಡೆ. ಅಷ್ಟೇ.”

ನನ್ನಪ್ಪ ನನ್ನನ್ನು ಹಾಗೆ ನೋಡಿದ್ದು ನನಗೆ ನೆನಪೇ ಇಲ್ಲ. ಅದನ್ನೂ ಇವನೇ ಇಟ್ಟುಕೊಂಡಿದ್ದಾನೆ.

ಜೀಪು ಮರಳಿ ಬಂತು. ಹೆಂಡತಿ ನವಿಲು ಕಂಡದ್ದನ್ನು ಹೇಳಿ, ಸಿಕ್ಕಿದ ಮುಳ್ಳುಹಂದಿಯ ಮುಳ್ಳೊಂದನ್ನು ತೋರಿಸಿದಳು. ನಾನು ಅವಳಿಗೆ ಸುರಂಗದ ವಿಷಯವನ್ನೆಲ್ಲ ಹೇಳಿದೆ, ಬೌ ಬೌ ಒಂದನ್ನು ಬಿಟ್ಟು. ಅವಳು ಮುಳ್ಳನ್ನು ಬೆರಳಿನಲ್ಲಿ ತಿರುಗಿಸುತ್ತಾ ಕೇಳಿ, “ಹಾಗಾದರೆ ಅದು ಹುಲಿಯೇ” ಎಂದಳು.

“ಅವನು ಹೇಳುವುದು ನಿಜ ಆದರೆ.”

“ನಿಮಗೆ ಎಂತ ಆಗಬೇಕು? ನಿಜವಾ, ಸುಳ್ಳಾ?”

ನಾನು ಡೇರೆಯ ಜಿಪ್ಪನ್ನು ಸುಮ್ಮನೆ ಎರಡು ಸಲ ಎಳೆದು ಹಾಕಿದೆ.

ಆ ಸಂಜೆ ಬೆಂಕಿಯ ಸುತ್ತ ಹೊಸದಾಗಿ ಬಂದ ಇನ್ನೊಂದು ಕುಟುಂಬವಿತ್ತು. ಡಾಕ್ಟರರೇ ಉತ್ಸಾಹದಿಂದ, ಅವರಿಗೂ ಹುಲಿಯ ಕಥೆ ಹೇಳಿ ಎಂದರು. ಚಿಕ್ಕಪ್ಪನ ಮಗ ನನ್ನ ಕಡೆ ಕೈ ತೋರಿಸಿದ. “ಇವತ್ತು ನಮ್ಮ ಅಣ್ಣ ಹೇಳ್ತಾರೆ. ಹುಲಿ ಬರುವಾಗ ಸುರಂಗದ ಒಳಗೆ ಇದ್ದದ್ದು ಇವರು. ಟೊಪ್ಪಿ ಇವರದ್ದೇ.”

ಎಲ್ಲರೂ ನನ್ನ ಕಡೆ ತಿರುಗಿದರು. ಎಷ್ಟೋ ವರ್ಷಗಳ ಮೇಲೆ ಅದು ಮತ್ತೆ ನನ್ನ ಕೈಗೆ ಬಂದಿತ್ತು. ನಾನು ಹೇಳಿದೆ. ಬಿಳಿಯ ತಟ್ಟೆ, ಕಪ್ಪು, ನೆಕ್ಕುವ ಸದ್ದು, ಉಸಿರು. ಹೇಳುವಾಗ ನಾಯಿ ಎಂಬ ಮಾತು ನಾಲಗೆಯ ತುದಿಯವರೆಗೆ ಬಂದು ಹೋಯಿತು. ಅವನು ಅದನ್ನೇ ಕಾಯುತ್ತಿದ್ದನೆಂದು ತೋರುತ್ತದೆ, ಅವನ ಕುರ್ಚಿ ಒಮ್ಮೆ ಕಿರುಗುಟ್ಟಿತು. ನಾನು ಹುಲಿ ಎಂದೇ ಹೇಳಿ ಮುಗಿಸಿದೆ. ತರಗತಿಯಲ್ಲಿ ಪಾಠ ಮುಗಿದಾಗ ಆಗುವಂಥ ಮೌನ ಆಯಿತು. ಕೇಳಿದ್ದಕ್ಕೆ ಮರ್ಯಾದೆ ಕೊಟ್ಟ ಮೌನ.

ಆಮೇಲೆ ಹೆಂಡತಿ ಬಾಯಿ ತೆರೆದಳು. ನನಗಲ್ಲ, ಅವನಿಗೆ.

“ಇವರಿಗೆ ಬರೀ ಕತ್ತಲೆ ಕಂಡದ್ದು. ನೀವು ಹೇಳಿ, ಚುಕ್ಕೆ ಹೇಗಿತ್ತು?”

ಕುರ್ಚಿಗಳೆಲ್ಲ ಅವನ ಕಡೆ ವಾಲಿದವು. ಅವನು ನನ್ನನ್ನು ಒಮ್ಮೆ ನೋಡಿದ, ಒಪ್ಪಿಗೆ ಕೇಳುವವನಂತೆ. ನಾನು ಬೆಂಕಿ ನೋಡಿದೆ.

“ಚುಕ್ಕೆ ಅಲ್ಲ ಅದು,” ಎಂದ ಅವನು, ಈ ಸಲ ಕನ್ನಡದಲ್ಲಿ ಮಾತ್ರ, ಮೆಲ್ಲಗೆ. “ಕಪ್ಪು ಬಳೆ ಒಡೆದು ಮೈಮೇಲೆ ಇಟ್ಟ ಹಾಗೆ. ಅದು ಸುರಂಗದೊಳಗೆ ತಲೆ ಹಾಕಿ ನಿಂತಿತ್ತಲ್ಲ, ಆಗ ಉಸಿರು ತೆಗೆಯುವಾಗ ಆ ಬಳೆಗಳೆಲ್ಲ ಒಂದರಿಂದ ಒಂದು ಸ್ವಲ್ಪ ದೂರ ಹೋಗ್ತವೆ. ಬಿಡುವಾಗ ಹತ್ತಿರ ಬರ್ತವೆ.”

ಆ ಉಸಿರು ನನಗೆ ಗೊತ್ತಿತ್ತು. ಅದು ಬಿಟ್ಟಾಗಲೆಲ್ಲ ನನ್ನ ಕಡೆಗೆ ಬಂದದ್ದು. ಆಚೆ ಕಡೆ ಬಿಸಿಲಿನಲ್ಲಿ ಬಳೆಗಳು ಸರಿಯುತ್ತಿದ್ದವೆಂದು, ಒಬ್ಬ ಹುಡುಗ ಮರದಲ್ಲಿ ಕುಳಿತು ಅದನ್ನು ನೋಡಿದ್ದನೆಂದು ನನಗೆ ಯಾರೂ ಹೇಳಿರಲಿಲ್ಲ. ಎಷ್ಟು ಸಲ ಉಸಿರು ಬಿಟ್ಟಿತು, ನಾನು ಕುಳಿತಲ್ಲಿಗೆ ಅದರ ಕಣ್ಣು ಬಿದ್ದಿತ್ತೇ, ಹೋಗುವಾಗ ಯಾವ ಕಡೆ ಹೋಯಿತು, ಇದೆಲ್ಲ ಅವನಿಗೆ ಗೊತ್ತು. ನನಗೆ ಗೊತ್ತಿಲ್ಲ.

ಅವನು ಅಲ್ಲಿಗೆ ನಿಲ್ಲಿಸಿದ. ಮುಗಿಯಿತೆಂದು ಡಾಕ್ಟರು ಏಳಲು ಹೊರಟರು.

“ಮತ್ತೆ?” ಎಂದೆ ನಾನು.